ನಮ್ಮಿಂದ ಏನು ಕೊಳ್ಳುತ್ತೀರಿ ಎಂದು ಕೇಳಿ

ತಮ್ಮಂದಿರೇ, ತಂಗಿಯರೇ,

ಶಾಸಕರಿಗೆ ಕೊಡಲೆಂದು ನೀವು ಬರೆದ ಮನವಿ ಓದಿದೆ. ನಮ್ಮ ನಿಡಸೋಸಿ ಸುತ್ತಮುತ್ತ ದೊಡ್ಡ ಕಾರ್ಖಾನೆ ಬರಬೇಕು, ಸ್ಥಳೀಯರಿಗೆ ನೌಕರಿ ಸಿಗಬೇಕು, ಕಲಿತ ಹುಡುಗರು ಕರದಂಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಪುಣೆ ಬಸ್ ಹತ್ತುವುದು ನಿಲ್ಲಬೇಕು ಎಂದಿದ್ದೀರಿ. ಮೂರೂ ನ್ಯಾಯದ ಮಾತೇ, ಸಹಿ ಹಾಕಲು ನನ್ನ ತಕರಾರಿಲ್ಲ. ಆದರೆ ಬರುವ ಕಂಪನಿಗೆ ಜಾಗ ಕೊಡುತ್ತೇವೆ, ನೀರು ಕೊಡುತ್ತೇವೆ, ಕರೆಂಟು ಕೊಡುತ್ತೇವೆ ಎಂದು ಉದ್ದಕ್ಕೆ ಬರೆದವರು, ಅದು ನಮ್ಮಿಂದ ಏನು ಕೊಳ್ಳುತ್ತದೆ ಎಂದು ಒಂದು ಸಾಲೂ ಕೇಳಿಲ್ಲ. ಐಟಿಐಯಲ್ಲಿ ಮಷಿನಿಸ್ಟ್ ಹುಡುಗರಿಗೆ ಕಲಿಸಿ ನಿವೃತ್ತನಾದವನಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ.

ನಮ್ಮ ಸೀಮೆಗೆ ಕಾರ್ಖಾನೆ ಹೊಸದಲ್ಲ. 1885ರಲ್ಲೇ ಗೋಕಾಕ ಫಾಲ್ಸಿಗೆ ಗೋಕಾಕ್ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಬಂತು. ಅದನ್ನು ಎಳೆದು ತಂದದ್ದು ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವ ಆ ಕಲ್ಲಿನ ಅಂಚು. ಬೀಳುವ ನೀರಿನ ಬಲ ಹಿಡಿದು ಯಂತ್ರ ತಿರುಗಿಸಿ ನೂಲು ತೆಗೆದರು. ಆ ಗಿರಣಿ ನಮ್ಮವರಿಂದ ಕೊಂಡದ್ದು ಮುಖ್ಯವಾಗಿ ಕೈಗಳನ್ನು. ಅಜ್ಜ, ಅಪ್ಪ, ಮಗ ಒಂದೇ ಗೇಟಿನಲ್ಲಿ ಹಾಜರಿ ಹಾಕಿದ ಮನೆಗಳಿವೆ, ಆ ಪಗಾರದಲ್ಲೇ ಮಕ್ಕಳು ಶಾಲೆ ಕಂಡರು. ಅದರ ಋಣ ದೊಡ್ಡದು. ಆದರೆ ಒಂದೇ ಭೋಂಗಾ ಕೇಳಿ ಏಳುವ ಊರಿಗೆ ನೂಲಿನ ಮಾರುಕಟ್ಟೆ ಬಿದ್ದರೆ ಇಡೀ ಪೇಟೆಗೇ ನೆಗಡಿ.

ಸಕ್ಕರೆಯ ಲೆಕ್ಕ ಬೇರೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆ ಕೊಂಡದ್ದು ಕಬ್ಬು. ಕಬ್ಬು ಬೆಳೆಯುವುದು ಒಂದು ಗೇಟಿನ ಒಳಗಲ್ಲ, ನೂರು ಊರಿನ ಹೊಲದಲ್ಲಿ. ಅದಕ್ಕೇ ಆ ರೊಕ್ಕ ಕಡಿಯುವವರಿಗೆ, ಟ್ರ್ಯಾಕ್ಟರಿನವರಿಗೆ, ಪಂಪ್‌ಸೆಟ್ ಮೋಟಾರು ಸುತ್ತುವವರಿಗೆ, ಸೊಸಾಯಿಟಿಗೆ, ಕಿರಾಣಿ ಅಂಗಡಿಗೆ ಹರಿಯಿತು. ನೀವು ಕಲಿತ ಎಂಜಿನಿಯರಿಂಗ್ ಕಾಲೇಜು 1996ರಲ್ಲಿ ನಮ್ಮೂರಲ್ಲಿ ತೆರೆಯಿತಲ್ಲ, ಅದರ ಹೆಸರಿನೊಳಗೂ ಆ ಕಾರ್ಖಾನೆಯ ಹಿರಾಶುಗರ್ ಕೂತಿದೆ.

ಸಹಕಾರದ ಇನ್ನೊಂದು ಸಾಹಸ ನಿಮ್ಮಲ್ಲಿ ಅನೇಕರಿಗೆ ಬರೀ ಕರೆಂಟು ಬಿಲ್ಲಿನ ಮೇಲಿನ ಹೆಸರು. 1969ರಲ್ಲಿ ದೇಶದಲ್ಲಿ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿ ನೋಡೋಣ ಎಂದಾಗ, ಗುಜರಾತಿನ ಕೊಡಿನಾರ, ಆಗಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಜೊತೆಗೆ ನಮ್ಮ ಹುಕ್ಕೇರಿಯೂ ಆ ಪಟ್ಟಿಯಲ್ಲಿತ್ತು. ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರಂಥವರು ಮುಂದೆ ನಿಂತರು, ರೈತರು ಷೇರು ಹಾಕಿದರು. ತಂತಿ ಹೊಲಕ್ಕೆ ಬಂತು, ಬಾವಿಯ ನೀರು ಮೇಲೆದ್ದಿತು, ಕಬ್ಬು ಹೆಚ್ಚಿತು. ಕಾರ್ಖಾನೆ ಬೇಕು ಎನ್ನುವ ಮೊದಲು ಕಾರ್ಖಾನೆಗೆ ಬೇಕಾದದ್ದನ್ನು ತಾವೇ ಕಟ್ಟಿಕೊಂಡ ಜನ ಅವರು. ಈಗ ಆ ಸಂಘಗಳ ಚುನಾವಣೆ ಬಂದರೆ ಮೆರವಣಿಗೆಗೆ ಎಲ್ಲರೂ ಹಾಜರ್, ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆ ತೆರೆದು ಓದುವವ ಒಬ್ಬನೂ ಇಲ್ಲ. ನಿಮ್ಮ ಮನೆಯ ಷೇರು ಯಾರ ಹೆಸರಲ್ಲಿದೆ ಎಂದು ಅಪ್ಪನನ್ನು ಕೇಳಿ. ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ವರ್ಗಾವಣೆ ಮಾಡಿಸಿ, ಆಮೇಲೆ ಸಭೆಗೆ ಹೋಗಿ.

ಕೊಳ್ಳುವವನು ಬಂದ ಮೇಲೂ ದರಕ್ಕೆ ಬಡಿದಾಡಬೇಕಾಗುತ್ತದೆ, ಅದೂ ನೆನಪಿರಲಿ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು ರಸ್ತೆಯಲ್ಲೇ ಅಡುಗೆ ಮಾಡಿಕೊಂಡು ಕುಂತರು. ಕೊನೆಗೆ 3,300ಕ್ಕೆ ಇತ್ಯರ್ಥವಾಯಿತು.

ಇನ್ನು ನಿಮ್ಮ ಕಣ್ಣು ನೆಟ್ಟಿರುವ ಹತ್ತರಗಿಗೆ ಬರುತ್ತೇನೆ. ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ, ಹುಕ್ಕೇರಿ ತಾಲೂಕಿನ ನೆಲದಲ್ಲಿ, 250 ಎಕರೆಯ ಏಕಸ್ ವಿಶೇಷ ಆರ್ಥಿಕ ವಲಯ ಇದೆ. ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಹೋಗುವ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ. ಟೋಲ್ ನಾಕಾದ ಆಚೆ ಎಮ್ಮೆ ಹೊಡೆದುಕೊಂಡು ಹೋಗುವ ಮುದುಕನಿಗೆ ಇದನ್ನು ಹೇಳಿದರೆ ನಗುತ್ತಾನೆ, ಆದರೆ ಮಾತು ನಿಜ. ಈಗ ನನ್ನ ಪ್ರಶ್ನೆ ಹಾಕಿ ನೋಡಿ. ಅದು ನಮ್ಮಿಂದ ಏನು ಕೊಳ್ಳುತ್ತದೆ? ವಿಮಾನ ದರ್ಜೆಯ ಲೋಹ ನಮ್ಮ ಹೊಲದಲ್ಲಿ ಬೆಳೆಯುವುದಿಲ್ಲ, ತಯಾರಾದ ಮಾಲು ನಮ್ಮ ಸಂತೆಯಲ್ಲಿ ಮಾರುವುದಿಲ್ಲ. ನಡುವೆ ನಮ್ಮದು ಎನ್ನಲು ಇರುವುದು ಕೆಲಸದ ಕೌಶಲ ಒಂದೇ. ಅದು ನಮ್ಮಲ್ಲಿ ಇಲ್ಲದಿದ್ದರೆ ನಮಗೆ ಗೇಟ್ ಕಾಯುವುದು, ಹುಲ್ಲು ಕೀಳುವುದು, ಕ್ಯಾಂಟೀನಿನ ತಾಟು ತೊಳೆಯುವುದು ಉಳಿಯುತ್ತದೆ. ಆ ಕೆಲಸ ಕೀಳಲ್ಲ, ಆದರೆ ಡಿಪ್ಲೊಮಾ ಮಾಡಿದ್ದು ಅದಕ್ಕಲ್ಲ.

ಕೌಶಲ ಎಂದರೆ ಸರ್ಟಿಫಿಕೇಟ್ ಎಂದುಕೊಳ್ಳಬೇಡಿ. ಅಲ್ಯೂಮಿನಿಯಂ ತುಂಡು ಮಷಿನಿನಿಂದ ಬಿಚ್ಚಿದಾಗ ಬೆಚ್ಚಗಿರುತ್ತದೆ. ಅವಸರದ ಹುಡುಗ ಆಗಲೇ ಮೈಕ್ರೋಮೀಟರ್ ಹಚ್ಚುತ್ತಾನೆ. ತುದಿಯ ರ‍್ಯಾಚೆಟ್ ತಿರುವಿ ಟಿಕ್ ಟಿಕ್ ಎಂದ ಮೇಲೆ ಓದಬೇಕಾದದ್ದನ್ನು, ಥಿಂಬಲ್ಲನ್ನೇ ಹಿಡಿದು ಬೋಲ್ಟಿನ ಹಾಗೆ ಬಿಗಿಯುತ್ತಾನೆ. ಅಳತೆ ಸರಿ ಎಂದು ಟ್ರೇಗೆ ಹಾಕುತ್ತಾನೆ. 100 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಜಗತ್ತೆಲ್ಲ ಅಳತೆಗೆ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ನಮ್ಮ ಏಪ್ರಿಲ್ ತಿಂಗಳಲ್ಲಿ ಅದು ಎಸಿ ಕೋಣೆಯೊಳಗೆ ಮಾತ್ರ. ಅಲ್ಲಿ ತಣ್ಣಗಾದ ಮೇಲೆ ತುಂಡು ಕಡಿಮೆ ಬರುತ್ತದೆ, ರಿಜೆಕ್ಟ್ ಆಗುತ್ತದೆ. ಹುಡುಗ ಮಷಿನನ್ನು ಬೈಯುತ್ತಾನೆ. ಇಂಥಲ್ಲಿ ತಪ್ಪಿದ ತುಂಡಿಗೆ ಕೆಂಪು ಚೀಟಿ ಕಟ್ಟಿ, ರಜಿಸ್ಟರಿನಲ್ಲಿ ಬರೆದು, ಫೋರ್‌ಮನ್ನನ ಮುಂದೆ ಇಡುವವನು ಬೇಕು. ಬೆಂಚಿನ ಕೆಳಗೆ ಸರಿಸಿ ಮನೆಗೆ ಹೋಗುವವನು ವಿಮಾನದ ಕೆಲಸಕ್ಕೆ ಆಗುವುದಿಲ್ಲ, ಅವನ ಮಾರ್ಕ್ಸ್ ಕಾರ್ಡ್ ಎಷ್ಟೇ ಚಂದ ಇರಲಿ. ಡ್ರಾಯಿಂಗ್ ಓದಿ. ಓದಲು ಬರುತ್ತದೆ ಎನ್ನುವವರು ಇನ್ನೊಮ್ಮೆ ಓದಿ. ನಮ್ಮ ಹುಡುಗರು ಪ್ರೋಗ್ರಾಂ ಬರೆಯುವುದರಲ್ಲಿ ಚುರುಕು, ಟಾಲರೆನ್ಸ್ ಮೇಲೆ ಕಣ್ಣಾಡಿಸುವುದರಲ್ಲಿ ಸೋಮಾರಿಗಳು.

ಮನವಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂದ ಸರೋಜಿನಿ ಮಹಿಷಿ ವರದಿ 1980ರ ದಶಕದಿಂದ ಕಡತದಲ್ಲಿದೆ. 2024ರ ಜುಲೈನಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70ರಷ್ಟು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಎಬ್ಬಿಸಿದ ಕೂಡಲೇ ತಡೆಹಿಡಿಯಿತು. ಅದಕ್ಕಾಗಿ ಹೋರಾಡುವವರು ಹೋರಾಡಲಿ, ನೀವು ಅದನ್ನು ಕಾಯುತ್ತ ಕೂರಬೇಡಿ. ಈಗಾಗಲೇ ಜಾರಿಯಲ್ಲಿರುವ ಕಾನೂನನ್ನು ಹಿಡಿಯಿರಿ. 1961ರ ಶಿಶಿಕ್ಷು ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನ ದುಡಿಯುವ ಕಂಪನಿ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸಕ್ಕರೆ ಕಾರ್ಖಾನೆಗೂ ಅದೇ ನಿಯಮ, ಫೌಂಡ್ರಿಗೂ ಅದೇ. ಎಷ್ಟು ಜನರನ್ನು ತೆಗೆದುಕೊಂಡಿರಿ, ಅವರಲ್ಲಿ ನಮ್ಮ ತಾಲೂಕಿನವರೆಷ್ಟು ಎಂದು ಪ್ರತಿ ವರ್ಷ ಕಾಗದ ಬರೆದು ಕೇಳಿ. ಘೋಷಣೆ ಕೂಗಿದರೆ ಮ್ಯಾನೇಜರ್ ಕಿಟಕಿ ಮುಚ್ಚುತ್ತಾನೆ, ಕಾನೂನಿನ ಹೆಸರು ಬರೆದ ಕಾಗದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಘೋಷಣೆಯ ಮಾತು ಬಂತು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಬಂತೆಂದು ಪೇಪರಿನಲ್ಲಿ ಓದಿದಿರಿ. ಹೊಸ ಕೈಗಾರಿಕಾ ನೀತಿ 2030ರೊಳಗೆ 20 ಲಕ್ಷ ನೌಕರಿ ಎನ್ನುತ್ತದೆ. ಒಳ್ಳೆಯದೇ. ಆದರೆ ಒಡಂಬಡಿಕೆ ಬೇರೆ, ಅಡಿಪಾಯ ಬೇರೆ. ಅಂಥ ಸುದ್ದಿ ಬಂದ ಮರುವಾರ ಹೆದ್ದಾರಿ ಬದಿಯ ಹೊಲಕ್ಕೆ ಏಜೆಂಟರು ಬರುತ್ತಾರೆ. "ಕಾಕಾ, ಸರ್ಕಾರದವರು ಹೆಂಗಿದ್ರೂ ತಗೋತಾರ, ಈಗ ನನಗ ಕೊಟ್ಟಬಿಡ್ರಿ" ಎನ್ನುತ್ತಾರೆ. ಕೈಗಾರಿಕೆಗೆ ಜಮೀನು ಪಡೆಯುವ ಕೆಐಎಡಿಬಿ ಕಾಯ್ದೆಯನ್ನು ಓದಲು ನಿಮ್ಮಪ್ಪನಿಗೆ ಆಗಲಿಕ್ಕಿಲ್ಲ, ನಿಮಗೆ ಆಗುತ್ತದೆ. 28(1) ಅಧಿಸೂಚನೆ ಬರಬೇಕು, ನೋಟಿಸ್ ಕೊಟ್ಟು ಆಕ್ಷೇಪಣೆಗೆ ಮೂವತ್ತು ದಿನ ಕೊಡಬೇಕು, 28(4) ಅಂತಿಮ ಅಧಿಸೂಚನೆ ಆಗಬೇಕು. ಅಲ್ಲಿಯವರೆಗೆ ಯಾವ ಏಜೆಂಟನ ಕರಾರು ಪತ್ರಕ್ಕೂ ಹೆಬ್ಬೆಟ್ಟು ಬೀಳದಂತೆ ನೋಡಿಕೊಳ್ಳುವುದು ಮನೆಯಲ್ಲಿ ಕಲಿತವರ ಕೆಲಸ.

ಎಲ್ಲರೂ ನೌಕರಿಯನ್ನೇ ಕೇಳಬೇಕೆಂದೂ ಇಲ್ಲ. ದೊಡ್ಡ ಕಾರ್ಖಾನೆಗೆ ಫಿಕ್ಸ್ಚರ್ ಬೇಕು, ಮರದ ಪೆಟ್ಟಿಗೆ ಬೇಕು, ಟೂಲ್ ಮಸೆಯುವವರು ಬೇಕು, ಸಕ್ಕರೆ ಕಾರ್ಖಾನೆಗೆ ಹಂಗಾಮು ಮುಗಿದ ಮೇಲೆ ರಿಪೇರಿಯ ಸುಗ್ಗಿ. ಇಬ್ಬರು ಗೆಳೆಯರು ಸೇರಿ ಒಂದು ಲೇಥ್, ಒಂದು ಮಿಲ್ಲಿಂಗ್ ಇಟ್ಟರೂ ಶುರು ಆಗುತ್ತದೆ. ಕೇಂದ್ರದ ಪಿಎಂಇಜಿಪಿ ಯೋಜನೆಯಲ್ಲಿ 50 ಲಕ್ಷದವರೆಗಿನ ಉತ್ಪಾದನಾ ಘಟಕಕ್ಕೆ ಹಳ್ಳಿಯಲ್ಲಿ ಶೇ 25, ಮಹಿಳೆಯರು ಮತ್ತು ಪರಿಶಿಷ್ಟ, ಹಿಂದುಳಿದ ವರ್ಗದವರಿಗೆ ಶೇ 35 ಸಹಾಯಧನ ಇದೆ. ಸಹಾಯಧನ ನೋಡಿ ಮಷಿನ್ ತರಬೇಡಿ, ಒಬ್ಬ ಗಿರಾಕಿಯದಾದರೂ ಆರ್ಡರ್ ಕೈಯಲ್ಲಿಟ್ಟುಕೊಂಡು ತನ್ನಿ.

ತಂಗಿಯರಿಗೆ ಬೇರೆಯಾಗಿ ಹೇಳಬೇಕು. ನಮ್ಮ ತಾಲೂಕಿನ ಕಣಗಲಾದಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಲ್ಯಾಟೆಕ್ಸ್ (ಈಗಿನ ಎಚ್‌ಎಲ್‌ಎಲ್ ಲೈಫ್‌ಕೇರ್) ಕಾರ್ಖಾನೆ 1985ರಿಂದ ಇದೆ, ಹತ್ತರಗಿ ಇನ್ನೊಂದು ದಿಕ್ಕಿಗೆ. ಅಳತೆಯ ಕೆಲಸದಲ್ಲಿ ಹುಡುಗಿಯರ ಕೈ ಹುಡುಗರಿಗಿಂತ ತಾಳ್ಮೆಯದು ಎಂದು ನನ್ನ ಕ್ಲಾಸಿನಲ್ಲೇ ಕಂಡಿದ್ದೇನೆ. ಆದರೂ ಮನೆಯವರು ತಡೆಯುವುದು ಪಾಳಿಯ ಕಾರಣಕ್ಕೆ. 2019ರಿಂದ ಕರ್ನಾಟಕದ ಕಾರ್ಖಾನೆಗಳಲ್ಲಿ ಹೆಂಗಸರಿಗೆ ರಾತ್ರಿ ಪಾಳಿಗೆ ಅವಕಾಶವಿದೆ. ಅವರ ಒಪ್ಪಿಗೆ ಬೇಕು, ಕರೆದೊಯ್ದು ಬಿಡುವ ಸಾರಿಗೆಯನ್ನು ಕಂಪನಿಯೇ ಕೊಡಬೇಕು ಎಂಬ ಷರತ್ತೂ ಇದೆ. ಸಂದರ್ಶನದಲ್ಲಿ ಪಗಾರ ಕೇಳುವಾಗಲೇ ಇದನ್ನೂ ಕೇಳಿ, ಸಂಕೋಚ ಬೇಡ. ಹಗಲು ಪಾಳಿಗೆ ಬಸ್ಸು ಬೇಕಲ್ಲ, ಯಾವ ಕಂಪನಿಯ ಪಾಳಿ ಎಷ್ಟಕ್ಕೆ ಶುರು, ಎಷ್ಟಕ್ಕೆ ಬಿಡುತ್ತದೆ ಎಂದು ಬರೆದುಕೊಂಡು, ಹತ್ತಿಪ್ಪತ್ತು ಜನರ ಹೆಸರು ಹಚ್ಚಿ, ಸಂಕೇಶ್ವರ ಡಿಪೊ ಮ್ಯಾನೇಜರಿಗೆ ಕೊಟ್ಟು ಬನ್ನಿ. ಶಾಸಕರ ಭೇಟಿ ಸಿಗುವುದಕ್ಕಿಂತ ಅದು ಬೇಗ ಆಗುತ್ತದೆ.