“ಕಾಲು ಬಂತು ಡಾಕ್ಟ್ರೇ, ಅದೊಂದು ಆಗ್ತಾ ಇಲ್ಲ”

ಕೊಚ್ಚಿಯ ಕಾಕ್ಕನಾಡ್‌ನಲ್ಲಿ ನಾನು ಅರಿವಳಿಕೆ ಕೊಡುವವರಲ್ಲಿ ಇನ್ಫೋಪಾರ್ಕಿನ ಐಟಿ ಹುಡುಗರೇ ಹೆಚ್ಚು. ಮೂಲವ್ಯಾಧಿ, ಫಿಶರ್, ಬಾಲಮೂಳೆಯ ಹತ್ತಿರದ ಸೈನಸ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಸರ್ಜನ್ ಕೈಗವಸು ಕಳಚುತ್ತಾರೆ. ನನ್ನ ಜವಾಬ್ದಾರಿ ಮುಗಿಯುವುದು ರೋಗಿ ಎದ್ದು ನಡೆದು, ಮೂತ್ರ ಮಾಡಿದ ಮೇಲೆ.

ನಾವೆಲ್ಲ ಕೈ ಪಳಗಿಸಿಕೊಂಡದ್ದು ‘ಹೆವಿ’ಯಲ್ಲಿ, ಅಂದರೆ ಗ್ಲೂಕೋಸ್ ಬೆರೆಸಿ ಭಾರ ಮಾಡಿದ 0.5% ಬುಪಿವಕೇನ್. 3 ಮಿ.ಲೀ. ಕೊಟ್ಟರೆ ಎರಡು-ಮೂರು ಗಂಟೆ ಕಾಲು ಅಲ್ಲಾಡದು. ಮೂಳೆಯ ಆಪರೇಷನ್ನಿಗೆ ಇದರಷ್ಟು ನಂಬಿಕಸ್ಥ ಔಷಧಿ ಇನ್ನೊಂದಿಲ್ಲ, ಫಿಶರಿಗೆ ಅತಿಯಾಯಿತು. 1 ಮಿ.ಲೀ.ಗೆ ಇಳಿಸಿ, ರೋಗಿಯನ್ನು ಸ್ವಲ್ಪ ಹೊತ್ತು ಕೂರಿಸಿಯೇ ಇಟ್ಟರೆ ಔಷಧಿ ತಳಕ್ಕಿಳಿದು ಬೇಕಾದಷ್ಟು ಜಾಗ ಮಾತ್ರ ಮರಗಟ್ಟುತ್ತದೆ. ಆದರೂ ಅರಿವಳಿಕೆ ಇಳಿಯುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು ಥರ.

ಸಂಜೆ ವಾರ್ಡಿನಲ್ಲಿ ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ “ಮೂತ್ರಂ ಪೋಯೋ?” ಎಂದು ಕೇಳುತ್ತಾ ಹೋಗುತ್ತಾರೆ. ಕಾಸರಗೋಡಿನ ಹುಡುಗನೊಬ್ಬ ನನ್ನ ಕನ್ನಡ ಕೇಳಿ ಧೈರ್ಯ ಮಾಡಿದ: “ಕಾಲು ಬಂತು ಡಾಕ್ಟ್ರೇ, ಅದೊಂದು ಆಗ್ತಾ ಇಲ್ಲ.” ಮೂತ್ರಕೋಶದ ನರಗಳು ಕಾಲಿನವಕ್ಕಿಂತ ತಡವಾಗಿ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಡ್ರಿಪ್ ಧಾರಾಳವಾಗಿ ಹೋಗಿದ್ದರೆ ಕ್ಯಾತಿಟರ್ ಹಾಕಬೇಕು, ಸಂಜೆಗೇ ಮನೆಗೆ ಹೊರಟವನು ರಾತ್ರಿ ಉಳಿಯಬೇಕು.

ಹಿಂದೆ ಇಂಥದಕ್ಕೆ 5% ಲಿಗ್ನೋಕೇನ್ ಇತ್ತು. ಬೇಗ ಹಿಡಿದು ಬೇಗ ಬಿಡುವ ಔಷಧಿ. ಆದರೆ ಅರಿವಳಿಕೆ ಇಳಿದ ಮೇಲೆ ಪೃಷ್ಠ, ತೊಡೆಗಳಲ್ಲಿ ಕೆಲವು ದಿನ ನೋವು ಕಾಡುತ್ತದೆಂಬ ವರದಿಗಳು 1993ರಿಂದ ಬಂದವು. ಕಾಲೆತ್ತಿ ಕಟ್ಟಿ ಮಾಡುವ ಆಪರೇಷನ್ನುಗಳಲ್ಲಿ ಅದು ಹೆಚ್ಚು. ನಮ್ಮವು ಬಹುಪಾಲು ಅಂಥವೇ.

ಈಗಿನ ಆಯ್ಕೆ ಕ್ಲೋರೋಪ್ರೊಕೇನ್. 1980ರ ದಶಕದಲ್ಲಿ ನರಹಾನಿಯ ಅಪವಾದ ಹೊತ್ತು ಮೂಲೆ ಸೇರಿದ್ದ ಔಷಧಿ ಇದು. ಆಗ ಸಂಶಯ ಮುಖ್ಯವಾಗಿ ಅದರಲ್ಲಿದ್ದ ಬೈಸಲ್ಫೈಟ್ ಎಂಬ ಸಂರಕ್ಷಕದ ಮೇಲೆ ಬಿತ್ತು. ಸಂರಕ್ಷಕವಿಲ್ಲದ 1% ದ್ರಾವಣಕ್ಕೆ ಅಮೆರಿಕದ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟಿತು; ಈಚೆಗೆ ನಮ್ಮಲ್ಲೂ ಸಿಗುತ್ತದೆ. 40–50 ಮಿ.ಗ್ರಾಂ. ಕೊಟ್ಟರೆ ರೋಗಿ ಬುಪಿವಕೇನ್‌ಗಿಂತ ಬೇಗ ನಡೆಯುತ್ತಾನೆ, ಬೇಗ ಮೂತ್ರ ಮಾಡುತ್ತಾನೆ. ನೋವೂ ಅಷ್ಟೇ ಬೇಗ ಮರಳುವುದರಿಂದ ನೋವಿನ ಮದ್ದು ಮೊದಲೇ ಕೊಟ್ಟಿರಬೇಕು. ಸರ್ಜನ್ ಹೇಳುವ ‘ಇಪ್ಪತ್ತೇ ನಿಮಿಷ’ ಎಷ್ಟಕ್ಕೆ ನಿಲ್ಲುತ್ತದೆಂಬುದು ಓಟಿಯಲ್ಲಿ ಎಲ್ಲರಿಗೂ ಗೊತ್ತು! ಕೈ ನಿಧಾನವಿದ್ದರೆ, ಕೆಲಸ ಬೆಳೆಯಬಹುದು ಅನ್ನಿಸಿದರೆ, ನಾನು ಈಗಲೂ ‘ಹೆವಿ’ಯನ್ನೇ ತೆಗೆಯುತ್ತೇನೆ.

ಸಣ್ಣ ಆಪರೇಷನ್ನಿಗೆ ಹೋಗುವವರು ಮೂತ್ರಕ್ಕೆ ತಡೆಯಿದ್ದರೆ, ಪ್ರಾಸ್ಟೇಟ್ ತೊಂದರೆಯಿದ್ದರೆ, ಸಂಜೆಗೇ ಊರಿಗೆ ಹೊರಡಬೇಕಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಸೂಜಿ ಚುಚ್ಚಿದ ಮೇಲೆ ಔಷಧಿ ಬದಲಿಸಲು ಬರುವುದಿಲ್ಲ.