ಅಜ್ಜಿಯ ಹಾಡಿಗೆ ಸೊಲ್ಲು ಸೇರಿಸೋಣ

ನಮ್ಮ ಮನೆಯ ಒಂದು ಹಳೇ ಕ್ಯಾಸೆಟ್‌ನಲ್ಲಿ ಅಜ್ಜಿ ಒಬ್ಬಳೇ ಸೋಬಾನೆ ಹಾಡಿದ್ದಾಳೆ. ಸೋಬಾನೆಗೆ ಜೊತೆ ಬೇಕು. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯಬೇಕು. ಅವತ್ತು ಸೊಲ್ಲಿಗೆ ಯಾರೂ ಇರಲಿಲ್ಲ. ಆದರೂ ರೂಢಿ ಬಿಡದೆ ಪ್ರತಿ ಸಾಲಾದ ಮೇಲೆ ಅಜ್ಜಿ ಸುಮ್ಮನೆ ಕಾಯುತ್ತಾಳೆ. ಆಗ ಅವಳ ಬಳೆ ಸದ್ದು ಕೇಳುತ್ತದೆ, ಹಿತ್ತಲಿನ ಕರುವಿನ ಕೂಗು ಕೇಳುತ್ತದೆ. ಆ ಖಾಲಿ ಜಾಗಕ್ಕೆ ಅಮ್ಮ, ಚಿಕ್ಕಮ್ಮ, ನಾನು ದನಿ ಕೂಡಿಸಿದೆವು. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ ಈ ಕೆಲಸ ನಿಮ್ಮಿಂದಲೂ ಆಗುತ್ತದೆ. ಭಯಪಡಬೇಡಿ.

ಬೇಕಾದ್ದು ಇಷ್ಟು: ನಡೆಯುವ ಟೇಪ್‌ರೆಕಾರ್ಡರ್, ಲ್ಯಾಪ್‌ಟಾಪ್, ಎರಡೂ ತುದಿಗೆ 3.5 ಎಂ.ಎಂ. ಪಿನ್ ಇರುವ ಆಕ್ಸ್ ಕೇಬಲ್, ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಯುಎಸ್‌ಬಿ ಮೈಕ್, ವೈರ್ ಇರುವ ಹೆಡ್‌ಫೋನ್. ಜೊತೆಗೆ ಆಡಾಸಿಟಿ ಸಾಫ್ಟ್‌ವೇರ್, ಅದು ಉಚಿತ.

1. ಕ್ಯಾಸೆಟ್ ನೋಡಿ. ಟೇಪಿನ ಸುರುಳಿ ಮೇಲೆ ಬಿಳೀ ಬೂಷ್ಟು ಕಂಡರೆ ಹಾಕಲೇಬೇಡಿ, ತಿಳಿದವರ ಕೈಗೆ ಕೊಡಿ. ಚೆನ್ನಾಗಿದ್ದರೆ ಮೇಲಂಚಿನ ಎರಡು ಮೂಲೆಗಳ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಹಾಡು ಅಳಿಯುವುದಿಲ್ಲ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ.

2. ಹೆಡ್ ಒರೆಸಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ, ಟೇಪು ತಾಗುವ ಲೋಹದ ಭಾಗವನ್ನು ಒರೆಸಿ. ಹತ್ತಿ ಕಂದಾದರೆ ಹೆದರಬೇಡಿ, ಅದು ವರ್ಷಗಟ್ಟಲೆ ಕೂತ ಕೊಳೆ. ಒಣಗಲು ಐದು ನಿಮಿಷ ಬಿಡಿ.

3. ಕೇಬಲ್ ಸಿಕ್ಕಿಸಿ. ಒಂದು ತುದಿ ಟೇಪ್‌ರೆಕಾರ್ಡರ್‌ನ ಹೆಡ್‌ಫೋನ್ ತೂತಿಗೆ, ಇನ್ನೊಂದು ಸೌಂಡ್ ಕಾರ್ಡ್‌ನ ಲೈನ್-ಇನ್‌ಗೆ. ಮೈಕ್ ತೂತಿಗೆ ಹಾಕಿದರೆ ಸದ್ದು ಒಡೆಯುತ್ತದೆ. ಹೊಸಬರು ಮೊದಲು ಎಡವುವುದು ಇಲ್ಲೇ.

4. ಮಟ್ಟ ನೋಡಿಕೊಳ್ಳಿ. ಹಾಡಿನ ಅತಿ ಜೋರಾದ ಭಾಗ ಹಾಕಿ. ಆಡಾಸಿಟಿಯ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್‌ನೊಳಗೆ ಆಡುವಂತೆ ವಾಲ್ಯೂಮ್ ತಿರುಗಿಸಿ. ಸೊನ್ನೆ ಮುಟ್ಟಬಾರದು. ಮುಟ್ಟಿದಾಗ ಒಡೆದ ದನಿ ಮತ್ತೆ ಕೂಡುವುದು ಕಷ್ಟ.

5. ಇಡೀ ಮಗ್ಗುಲು ಒಂದೇ ಸಲಕ್ಕೆ ತುಂಬಿಸಿಕೊಳ್ಳಿ. 60ರ ಕ್ಯಾಸೆಟ್ ಆದರೆ ಒಂದು ಮಗ್ಗುಲು 30 ನಿಮಿಷ. ನಡುವೆ ನಿಲ್ಲಿಸಬೇಡಿ. ಮುಗಿದ ಮೇಲೆ ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ‘ಮೂಲ’ ಎಂದು ಹೆಸರಿಡಿ, ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿ. ಮುಂದಿನ ಕೆಲಸವೆಲ್ಲ ಇನ್ನೊಂದು ಪ್ರತಿಯ ಮೇಲೆ. ಮೂಲವನ್ನು ಮುಟ್ಟಬೇಡಿ.

6. ವೇಗ ಸರಿಮಾಡಿ. ಹಳೇ ಟೇಪ್‌ರೆಕಾರ್ಡರ್‌ನ ಬೆಲ್ಟ್ ಸಡಿಲವಾಗಿದ್ದರೆ ಹಾಡು ನಿಧಾನವಾಗುತ್ತದೆ, ದನಿಯೂ ದಪ್ಪವಾಗುತ್ತದೆ. ಸುಮಾರು ಶೇಕಡಾ 6ರಷ್ಟು ವ್ಯತ್ಯಾಸವಾದರೆ ಹಾಡು ಅರ್ಧ ಮನೆ ಸರಿದಿರುತ್ತದೆ, ಐದೂವರೆ ಶ್ರುತಿಯಲ್ಲಿ ಹಾಡಿದ್ದು ಐದಕ್ಕೆ ಇಳಿದಿರುತ್ತದೆ. ಎಫೆಕ್ಟ್ ಪಟ್ಟಿಯಲ್ಲಿ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ ತೆಗೆದು ಸ್ವಲ್ಪಸ್ವಲ್ಪ ಬದಲಿಸಿ ಕೇಳಿ. ‘ಚೇಂಜ್ ಟೆಂಪೊ’ ಬೇಡ, ಅದು ಓಟವನ್ನಷ್ಟೇ ಬದಲಿಸುತ್ತದೆ. ಸರಿಯಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಆ ದನಿಯನ್ನು ಬಲ್ಲವರು. ನಮ್ಮಲ್ಲಿ ಅಮ್ಮ ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದವಳು, ಶೇಕಡಾ 4ಕ್ಕೆ ಬಂದಾಗ “ಹಾಂ, ಇದು ನಮ್ಮವ್ವ” ಅಂದಳು.

7. ಸರಸರ ಸದ್ದು ತಗ್ಗಿಸಿ. ಹಾಡು ಶುರುವಾಗುವ ಮುಂಚೆ ಬರೀ ಟೇಪಿನ ಸದ್ದಿರುವ ಒಂದೆರಡು ಸೆಕೆಂಡ್ ಆರಿಸಿ, ‘ನಾಯ್ಸ್ ರಿಡಕ್ಷನ್’ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ಆಮೇಲೆ ಇಡೀ ಹಾಡು ಆರಿಸಿ, 6ರಿಂದ 8 ಡೆಸಿಬೆಲ್‌ಗೆ ಇಟ್ಟು ಓಕೆ ಕೊಡಿ. ಆಸೆಪಟ್ಟು 20ಕ್ಕೆ ಏರಿಸಿದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ. ಬಳೆ ಸದ್ದನ್ನಂತೂ ಅಳಿಸಲು ಹೋಗಬೇಡಿ, ಅದೂ ಅಜ್ಜಿಯದೇ.

8. ಶ್ರುತಿ ಹುಡುಕಿ. ತಂಬೂರಿ ಆ್ಯಪ್‌ನಲ್ಲಿ ಹತ್ತಿರದ ಮನೆ ಆರಿಸಿ, ಫೈನ್ ಟ್ಯೂನಿಂಗ್‌ನಿಂದ ಹಾಡಿನ ದನಿಗೆ ಕೂಡಿಸಿ. ಮೊದಲ ನುಡಿಗೆ ಕೂಡಿದ್ದು ಕೊನೆಯ ನುಡಿಗೂ ಕೂಡುತ್ತದೆಯೇ ನೋಡಿ. ಶ್ರುತಿಯಿಲ್ಲದೆ ಹಾಡಿದವರ ದನಿ ಹಾಡುತ್ತಾ ಹಾಡುತ್ತಾ ಏರುವುದುಂಟು. ಏರಿದ್ದರೆ ಹಾಡಿನ ಕೆಳಗೆ ತಂಬೂರಿ ಬೇಡವೇ ಬೇಡ, ಅಜ್ಜಿಯ ದನಿಯನ್ನೇ ಶ್ರುತಿ ಮಾಡಿಕೊಂಡು ಹಾಡಿ.

9. ಜಾಗ ಮಾಡಿ. ಎರಡು ಸಾಲುಗಳ ನಡುವಿನ ಬಿಡುವು ಸೊಲ್ಲಿಗೆ ಸಾಲದಿದ್ದರೆ, ಅಲ್ಲಿ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಐ ಒತ್ತಿ. ಟ್ರ್ಯಾಕ್ ಎರಡು ತುಂಡಾಗುತ್ತದೆ. ಬಲಗಡೆಯದನ್ನು ಬೇಕಾದಷ್ಟು ಸರಿಸಿ. ಈಗ ನಡುವೆ ಪೂರ್ತಿ ನಿಶ್ಶಬ್ದವಾಗಿ, ಹಾಡು ಗುಂಡಿಗೆ ಬಿದ್ದಂತೆ ಕೇಳುತ್ತದೆ. ಭಯಪಡಬೇಡಿ. ಬೇರೆ ಬಿಡುವಿನ ಟೇಪು ಸದ್ದನ್ನು ಕಾಪಿ ಮಾಡಿ ಅಲ್ಲಿ ತುಂಬಿ.

10. ಸೊಲ್ಲು ಹಾಡಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ. ಮೈಕ್‌ನಿಂದ ಒಂದು ಗೇಣು ದೂರ ಕೂತು, ಹೆಡ್‌ಫೋನ್‌ನಲ್ಲಿ ಹಳೇ ಹಾಡು ಕೇಳುತ್ತಾ ಶಿಫ್ಟ್ ಮತ್ತು ಆರ್ ಒತ್ತಿ, ಹೊಸ ಟ್ರ್ಯಾಕ್ ತೆರೆದುಕೊಳ್ಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಅದರಲ್ಲಿ ಹಾಡು ತಡವಾಗಿ ಕೇಳುತ್ತದೆ. ಮೆಟ್ರೊನೋಮೂ ಬೇಡ. ಅಜ್ಜಿ ಉಸಿರು ತೆಗೆದುಕೊಳ್ಳುವುದೇ ನಿಮಗೆ ತಾಳ. ಒಬ್ಬೊಬ್ಬರಿಗೂ ಬೇರೆ ಬೇರೆ ಟ್ರ್ಯಾಕ್ ಇರಲಿ.

11. ಹೊಂದಿಸಿ. ಹೊಸ ದನಿ ತುಸು ಹಿಂದೆ ಬಿದ್ದಿದ್ದರೆ ಅದರ ತುಂಡನ್ನು ಎಡಕ್ಕೆ ಎಳೆಯಿರಿ. ಮೂರನೇ ನುಡಿಯಲ್ಲಿ ಅಜ್ಜಿ ಮುಗಿಸುವ ಮುಂಚೆಯೇ ಅಮ್ಮ ಎತ್ತಿಕೊಂಡಿದ್ದಳು. ಮದುವೆ ಮನೆಯಲ್ಲಿ ಹಾಡುವುದೂ ಹಾಗೇ, ಅದನ್ನು ಹಾಗೇ ಬಿಟ್ಟೆವು.

12. ಎತ್ತರ ತಗ್ಗು ನೋಡಿ. ಅಜ್ಜಿ ನಡುವೆ, ಸೊಲ್ಲಿನವರು ಪ್ಯಾನ್ ಸ್ಲೈಡರ್‌ನಿಂದ ಎಡಕ್ಕೊಬ್ಬರು ಬಲಕ್ಕೊಬ್ಬರು. ಹೊಸ ದನಿಗಳನ್ನು 6 ಡೆಸಿಬೆಲ್‌ನಷ್ಟು ಇಳಿಸಿ. ಇವತ್ತಿನ ಮೈಕ್ ಚುರುಕು, ಇಳಿಸದಿದ್ದರೆ ಹಳೇ ದನಿ ಹಿಂದೆ ಸರಿದುಬಿಡುತ್ತದೆ.

13. ಎಕ್ಸ್‌ಪೋರ್ಟ್ ಮಾಡಿ. ಮನೆಮಂದಿಗೆ ಕಳಿಸಲು ಎಂಪಿ3, ಇಟ್ಟುಕೊಳ್ಳಲು ವೇವ್. ಫೈಲಿನ ಹೆಸರಲ್ಲಿ ಹಾಡಿದವರು, ಊರು, ವರ್ಷ ಇರಲಿ. ಕ್ಯಾಸೆಟ್ ಎಸೆಯಬೇಡಿ. ಡಬ್ಬಿಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಯಸ್ಕಾಂತವಿರುವ ಸ್ಪೀಕರ್‌ಗಳಿಂದ ದೂರ, ಮಳೆಗಾಲದ ತೇವ ತಾಗದ ಕಡೆ ಎತ್ತಿಡಿ.