ಅದು, ಅವನು, ನೀನು

ಸಂಸ್ಕೃತದಲ್ಲಿ ಲಿಂಗಭೇದವು ಶಬ್ದವನ್ನು ಅನುಸರಿಸಿ ನಡೆಯುವುದು. ಹೆಂಡತಿ ಎಂಬ ಒಂದೇ ಅರ್ಥದಲ್ಲಿ ‘ದಾರ’ ಶಬ್ದವು ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕಲಿಂಗ. ಕನ್ನಡದಲ್ಲಾದರೋ ಅರ್ಥವೇ ಪ್ರಮಾಣ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಮಾರ್ಗವನ್ನೇ ಹಿಡಿದಿದ್ದಾನೆ.

ಆದರೆ ಉಸಿರಿದ್ದ ಮಾತ್ರಕ್ಕೆ ಕನ್ನಡವು ‘ಅವನು’ ಎನ್ನುವುದಿಲ್ಲ. ಬಂಡಿ ಬಂದಿತು, ಎತ್ತೂ ಬಂದಿತು. ಒಕ್ಕಲಿಗನು ಮಾತ್ರ ಬಂದನು. ಎಣಿಕೆಯಲ್ಲಿ ಎರಡು ಎತ್ತು, ಇಬ್ಬರು ಭಕ್ತರು. ‘ನೀರು ಕುಡಿದನು’ ಎಂದರೆ ಸಾಕು, ದ್ವಿತೀಯಾ ಪ್ರತ್ಯಯ ಬೇಕಿಲ್ಲ. ‘ಗುರುವನ್ನು ಕಂಡನು’ ಎಂಬಲ್ಲಿ ಅದನ್ನು ಬಿಡಲಾಗದು. ಮಠಕ್ಕೆ ಹೋಗಬಹುದು; ಗುರುವಿಗೆ ಹೋಗಲು ಬಾರದು, ಗುರುವಿನ ಬಳಿಗೇ ಹೋಗಬೇಕು. ಎಷ್ಟು ಸೂಕ್ಷ್ಮವಾದ ಮರ್ಯಾದೆ!

ಈ ಭೇದವು ನಾಲಿಗೆಯದು ಮಾತ್ರವಲ್ಲ, ಮನಸ್ಸಿನದೂ ಹೌದು. ಹೈಡರ್, ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು 1944ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ತ್ರಿಕೋಣ, ಒಂದು ವೃತ್ತ ಚಲಿಸುವ ಕಿರುಚಿತ್ರವನ್ನು ತೋರಿಸಲಾಗಿ, ನೋಡಿದವರಲ್ಲಿ ಬಹುತೇಕ ಎಲ್ಲರೂ ಅವುಗಳಲ್ಲಿ ಜಗಳವನ್ನೂ ಹೆದರಿಕೆಯನ್ನೂ ಕಂಡರು. 2013ರಲ್ಲಿ ಪ್ರಕಟವಾದ ನೇರ್ನ್ ಮೊದಲಾದವರ ಪರೀಕ್ಷೆಯಲ್ಲಿ ಜೀವಿಗಳ ಹೆಸರುಗಳು ಜಡವಸ್ತುಗಳ ಹೆಸರುಗಳಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದುವು. ಚಲನೆಯನ್ನು ಕಂಡೊಡನೆ ಮನಸ್ಸು ಅಲ್ಲಿ ಚೇತನವನ್ನು ಭಾವಿಸುವುದು.

ಶರಣರ ‘ಸ್ಥಾವರ’, ‘ಜಂಗಮ’ ಎಂಬ ಮಾತುಗಳ ಮೂಲವೂ ಇದೇ. ಒಂದು ನಿಲ್ಲುವ ‘ಸ್ಥಾ’ ಧಾತುವಿನಿಂದ, ಇನ್ನೊಂದು ನಡೆಯುವ ‘ಗಮ್’ ಧಾತುವಿನಿಂದ ಬಂದುದು. ಆದರೆ ಅವರು ಕಾಲ್ನಡಿಗೆಗೆ ನಿಲ್ಲದೆ ಅರಿವಿನ ನಡೆಯನ್ನೇ ಜಂಗಮವೆಂದು ತಿಳಿದರು.

ಇಲ್ಲಿ ಗೃಹಸ್ಥರು ಗಮನಿಸತಕ್ಕ ಸಂಗತಿಯೊಂದುಂಟು. ತಾಯಿ ‘ಮಗು ಅತ್ತಿತು’ ಎಂದಾಗ ಆ ನಪುಂಸಕದಲ್ಲಿ ವಾತ್ಸಲ್ಯಕ್ಕೆ ಕೊರತೆಯಿಲ್ಲ. ಆದರೆ ಕೂಲಿಯ ಲೆಕ್ಕದಲ್ಲಿ ‘ನಾಲ್ಕು ಆಳು’ ಎಂದೇ ಬರೆಯುವರು, ‘ನಾಲ್ವರು’ ಎಂದು ಬರೆಯುವವರು ವಿರಳ. ಒಳಗೆ ಕುಳಿತ ಯಜಮಾನನು ದುಡಿದು ಬಂದವನನ್ನು ಕುರಿತು ‘ಅದು ಬಂತೇ?’ ಎಂದು ಕೇಳುವುದೂ ಉಂಟು. ಎತ್ತಿನ ಸಾಲಿಗೆ ಮನುಷ್ಯನನ್ನು ಸೇರಿಸುವ ಈ ‘ಅದು’ ತಾಯಿಯ ಮಾತಲ್ಲ.

ಅದೇ ಯಜಮಾನನು ಜಗಲಿಗೆ ಬಂದು ಎದುರು ನಿಂತರೆ ‘ನೀನು ಬಂದೆಯಾ?’ ಎನ್ನಬೇಕಾಗುವುದು. ಮಧ್ಯಮಪುರುಷದಲ್ಲಿ ಕನ್ನಡಕ್ಕೆ ಲಿಂಗಭೇದವೇ ಇಲ್ಲ. ಗಂಡು, ಹೆಣ್ಣು, ಹಸು, ಮರ ಯಾವುದನ್ನು ಕರೆದರೂ ‘ನೀನು’ ಒಂದೇ. ಕರಸ್ಥಲದ ಲಿಂಗವು ವ್ಯಾಕರಣದಲ್ಲಿ ನಪುಂಸಕ; ‘ಲಿಂಗವು ಒಲಿಯಿತು’ ಎಂಬುದೇ ರೂಢಿ. ಆದರೆ ಕೂಡಲಸಂಗಮದೇವಾ, ಗುಹೇಶ್ವರಾ ಎಂಬ ಅಂಕಿತಗಳು ಸಂಬೋಧನೆಗಳಾಗಿ ಬರುವಲ್ಲಿ ಶರಣನು ಲಿಂಗವನ್ನು ಕುರಿತು ಆಡುತ್ತಿಲ್ಲ, ಲಿಂಗದೊಡನೆ ಆಡುತ್ತಿದ್ದಾನೆ.

ಎದುರಿಗಿಲ್ಲದವರ ಮಾತೇನು? ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಪ್ರಥಮಪುರುಷದಲ್ಲಿ ಹೆಸರಿಸುವಾಗಲೂ ಮನೆಯ ಹಿರಿಯರಿಗೆ ಸಲ್ಲುವ ಬಂಧುವಾಚಕಗಳನ್ನೇ ಬಳಸಿದರು.